ಕೇಳಿದ್ದು ಅವ್ವನಿಗೆ

ಅವ್ವನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಲು ವಿದ್ಯಾಗಿರಿಯ ನಮ್ಮ ಮನೆಗೆ ಒಬ್ಬ ಕ್ರಿಶ್ಚಿಯನ್ ನರ್ಸಬಾಯಿ ಬರುತ್ತಿದ್ದರು. ಕೆಲಸ ಮುಗಿಸಿ, ಕೈ ತೊಳೆದು, ಮಂಚದ ಕಡೆ ಬಾಗಿ ದಿನವೂ ಒಂದೇ ಮಾತು ಕೇಳುತ್ತಿದ್ದರು: “ಯೇಸುವಿನ ಹೆಸರಿನ್ಯಾಗ ಸಣ್ಣದೊಂದು ಪ್ರಾರ್ಥನಾ ಮಾಡ್ಲೇನ್ರಿ? ಬ್ಯಾಡಂದ್ರ ಬ್ಯಾಡ.”

“ಬ್ಯಾಡ್ರಿ,” ಎನ್ನುತ್ತಿದ್ದೆ ನಾನು. ಅವರು ನಕ್ಕು ಚಪ್ಪಲಿ ಮೆಟ್ಟುತ್ತಿದ್ದರು. ಆ ನಗುವಿನ ಮೇಲೇ ನನಗೆ ಅನುಮಾನ. ಅವರು ಗೇಟು ದಾಟಿದ ಕೂಡಲೇ, ಶಿಲುಬೆಯನ್ನೋ ಪುಸ್ತಕವನ್ನೋ ಇಟ್ಟು ಹೋಗಿರಬಹುದೆಂದು ಅವ್ವನ ದಿಂಬಿನ ಕೆಳಗೆ ಕೈಯಾಡಿಸುತ್ತಿದ್ದೆ. ಏನೂ ಸಿಗದಿದ್ದರೆ ಅನುಮಾನ ಇನ್ನಷ್ಟು ಹೆಚ್ಚುತ್ತಿತ್ತು.

ಒಂದು ದಿನ ತಡೆಯಲಾಗದೆ ಕೇಳಿಬಿಟ್ಟೆ: “ದಿನಾ ಬ್ಯಾಡ ಅಂತೇನಿ, ಮತ್ತ ಯಾಕ ಕೇಳ್ತೀರಿ? ನಿಮ್ಮ ದೇವರಿಗೆ ಅಷ್ಟು ಪ್ರೀತಿ ಇದ್ರ, ನಮ್ಮನ್ನ ಕೇಳದನಽ ಅವ್ವನ್ನ ಗುಣಾ ಮಾಡ್ಲಿ.”

“ಕೇಳಲಾರದಽ ಮೈಮ್ಯಾಲೆ ಬಿದ್ರ ಅದು ಪ್ರೀತಿ ಹೆಂಗ ಆಗ್ತದ್ರಿ? ಬ್ಯಾಡ ಅನ್ನೋ ಹಕ್ಕೂ ಅವನಽ ಕೊಟ್ಟಾನ,” ಎಂದರು. ಆಮೇಲೆ ಮೆಲ್ಲಗೆ, “ಆದ್ರ ಸರ್, ಇಷ್ಟು ದಿನ ನಾ ಕೇಳಿದ್ದು ನಿಮಗಲ್ಲ, ಅವ್ವಾರಿಗೆ.”

ಅವ್ವ ಎದ್ದು ಕೂತಳು. “ಬ್ಯಾಡ ಬಿಡವಾ, ನನಗ ನನ್ನ ದೇವರು ಅದಾನ,” ಎಂದು ತಾನೇ ಹೇಳಿದಳು. ನರ್ಸಬಾಯಿ ಅದೇ ನಗು ನಕ್ಕು ಚಪ್ಪಲಿ ಮೆಟ್ಟಿದರು.

ಅವರು ಹೋದ ಮೇಲೆ ನನ್ನ ಕೈ ರೂಢಿಯಂತೆ ದಿಂಬಿನತ್ತ ಹೋಯಿತು.

“ಕೇಳಿ ಕೈ ಹಾಕು,” ಎಂದಳು ಅವ್ವ.