ತಿಪ್ಪಜ್ಜ ಕಂಡ ಎಡಗಾಲು

“ಆ ಹುಡ್ಗುನ್ನ ಕೂರ್ಸ್ರಿ ಮೇಷ್ಟ್ರೆ, ಎಡಗಾಲು ಸರಿಯಾಗಿ ಊರ್ತಿಲ್ಲ.”

ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಲ್ಲಿ ಕುರಿ ಮೇಯಿಸುವ ತಿಪ್ಪಜ್ಜ ನನ್ನ ಮೊಬೈಲಿನಲ್ಲಿ ನೇರಪ್ರಸಾರವಾಗುತ್ತಿದ್ದ ಪಂದ್ಯವನ್ನು ಇಣುಕಿ ನೋಡಿ ಹೇಳಿದರು. ಅವರಿಗೆ ಬಾಸ್ಕೆಟ್‌ಬಾಲ್ ಎಂದರೇನೆಂದೇ ಗೊತ್ತಿಲ್ಲ. ಫಿಲಿಪ್ಪೀನ್ಸ್‌ನ ಆ ವೃತ್ತಿಪರ ಆಟಗಾರನನ್ನು ದೈಹಿಕ ಶಿಕ್ಷಕನಾದ ನಾನು ಹತ್ತು ವರ್ಷದಿಂದ ನೋಡುತ್ತಿದ್ದೆ. ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಅಂದೇ ಅವನು ಮತ್ತೆ ಅಂಕಣಕ್ಕಿಳಿದಿದ್ದ, ಚೆನ್ನಾಗಿಯೇ ಓಡುತ್ತಿದ್ದ. ನಾನು ನಕ್ಕುಬಿಟ್ಟೆ.

ಐದು ನಿಮಿಷವೂ ಆಗಿರಲಿಲ್ಲ. ಚೆಂಡಿಗೆ ಜಿಗಿದವನು ಎಡಮಂಡಿ ಹಿಡಿದುಕೊಂಡು ಬಿದ್ದ, ಸ್ಟ್ರೆಚರ್ ಬಂತು. ನಾನು ತಿಪ್ಪಜ್ಜನ ಕಡೆ ತಿರುಗಿದೆ. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಕುರಿ ಏನು ನೋವೈತೆ ಅಂತ ಬಾಯಿಬಿಟ್ಟು ಹೇಳ್ತೈತಾ? ನಡಿಗೆ ನೋಡ್ಬೇಕು, ಅಷ್ಟೇ.”

ಆ ಆಟಗಾರ ಮತ್ತೆ ಆಡಲೇ ಇಲ್ಲ. ಈಗ ಶಾಲೆಯಲ್ಲಿ ಮಕ್ಕಳು “ಏನೂ ಆಗಿಲ್ಲ ಸಾರ್, ಆಡ್ತೀನಿ” ಎಂದರೆ, ಚೆಂಡು ಕೊಡುವ ಮುಂಚೆ ಮೈದಾನದ ಆಚೆ ತುದಿಯವರೆಗೆ ನಡೆದು ಬಾ ಎನ್ನುತ್ತೇನೆ.