ಬೂದು ಬಣ್ಣದ ಪಟ್ಟಿ

ಮೂರು ದಿನಕ್ಕೆ ಮೂರು ಥೀಮ್ ಪಾರ್ಕು. ಮೊದಲನೆಯದರಲ್ಲಿ ಬರೀ ನೀರು, ಎರಡನೆಯದರಲ್ಲಿ ಸಿಮೆಂಟಿನ ಡೈನೋಸಾರು, ಮೂರನೆಯದರಲ್ಲಿ ಮನುಷ್ಯರನ್ನು ಆಕಾಶಕ್ಕೆ ಎಸೆದು ಹಿಡಿಯುವ ಯಂತ್ರಗಳು. ಈ ಮೂರರಲ್ಲೂ ದಾರದಕ್ಕ ಕಂಡದ್ದು ಮೂರು ಬೆಂಚು. ಎರಡನೆಯದಕ್ಕೆ ಒರಗಿಕೊಳ್ಳಲು ಹಲಗೆ ಕೂಡ ಇರಲಿಲ್ಲ. ರಜೆ ಮಜವಾಗಿದೆಯಾ ಎಂದು ಆ ಹೊತ್ತಿನಲ್ಲಿ ಯಾರಾದರೂ ಅವಳನ್ನು ಕೇಳಿದ್ದರೆ ಅವರ ಗ್ರಹಚಾರ ನೆಟ್ಟಗಿರುತ್ತಿರಲಿಲ್ಲ.

ದಾರದಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಜೊತೆಯವರು ಇಟ್ಟದ್ದು. ಹದಿನೆಂಟು ವರ್ಷದಿಂದ ಅಲ್ಲಿ ಕೊಳೆ ಬಟ್ಟೆಯ ಗಂಟುಗಳನ್ನು ವಿಂಗಡಿಸಿ ಯಂತ್ರಕ್ಕೆ ಹಾಕಿಸುವ ಕೆಲಸ ಅವಳದು. ಪ್ರತಿ ಗಂಟಿನ ಬಾಯಿಗೂ ಒಂದು ಬಣ್ಣದ ದಾರ. ಆಪರೇಷನ್ ಕೋಣೆಯದಕ್ಕೆ ಕೆಂಪು, ಮಕ್ಕಳ ವಾರ್ಡಿನದಕ್ಕೆ ಹಸಿರು, ಅಂಟುರೋಗದ ವಾರ್ಡಿನದಕ್ಕೆ ಹಳದಿ, ಅದಕ್ಕೆ ಬಿಗಿಯಾಗಿ ಎರಡು ಸುತ್ತು. ಯಾವ ಗಂಟು ಎಷ್ಟು ಬಿಸಿ ನೀರಿಗೆ ಹೋಗಬೇಕು, ಒಣಗಿದ ಮೇಲೆ ಯಾವ ಮಹಡಿಗೆ ವಾಪಸಾಗಬೇಕು ಎಂದು ದಾರ ನೋಡಿ ನಿದ್ದೆಗಣ್ಣಿನಲ್ಲೂ ಹೇಳಬಲ್ಲಳು. ಎದುರಿಗೆ ಆರು ದೊಡ್ಡ ಡ್ರಮ್ಮುಗಳು ದಿನವಿಡೀ ಗಿರಗಿರನೆ ತಿರುಗುತ್ತಿರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಅವನ್ನು ನೋಡಿ ಮೊದಲ ವಾರ ವಾಕರಿಸುವುದುಂಟು. ದಾರದಕ್ಕ ಅವುಗಳ ಮುಂದೆ ನಿಂತುಕೊಂಡೇ ಬ್ರೆಡ್ಡು ತಿಂದು ಮುಗಿಸುತ್ತಾಳೆ.

ಇಂಥವಳಿಗೆ ತಲೆ ಸುತ್ತುತ್ತದಂತೆ! ಮನೆಯವರೆಲ್ಲ ಹಾಗೆ ನಂಬಿದ್ದರು. ಮದುವೆಯಾದ ಹೊಸದರಲ್ಲಿ ಎಲ್ಲರೂ ಒಂದು ಆಟದ ಮೈದಾನಕ್ಕೆ ಹೋಗಿದ್ದಾಗ ಗಂಡನ ಅಣ್ಣ, "ಬಾರಮ್ಮ, ದೊಡ್ಡ ಚಕ್ರ ಹತ್ತೋಣ" ಎಂದು ಕರೆದಿದ್ದರು. ಅವಳಿಗೆ ಆಗ ಮೂರು ತಿಂಗಳು. ಗಂಡನನ್ನು ಬಿಟ್ಟರೆ ಇನ್ನೂ ಯಾರಿಗೂ ಹೇಳಿರಲಿಲ್ಲ. "ನೀವು ಹೋಗ್ಬನ್ನಿ ಭಾವ, ನನಗೆ ತಲೆ ಸುತ್ತುತ್ತೆ. ಬ್ಯಾಗು ನಾನು ನೋಡ್ಕೋತೀನಿ" ಎಂದು ಬಾಯಿಗೆ ಬಂದ ಸುಳ್ಳು ಹೇಳಿ ತಪ್ಪಿಸಿಕೊಂಡಳು. ಆಗ ಹೊಟ್ಟೆಯಲ್ಲಿದ್ದ ಮಗಳಿಗೆ ಈಗ ಇಪ್ಪತ್ತು ವರ್ಷ. ಆ ಒಂದು ಮಧ್ಯಾಹ್ನದ ಸುಳ್ಳು ಮಾತ್ರ ಆ ಮನೆಯ ಕಾನೂನಾಗಿ ಕೂತುಬಿಟ್ಟಿತು.

ಅದಾದ ಮೇಲೆ ಎಲ್ಲಿಗೆ ಹೋದರೂ, "ಅವಳಿಗೆ ತಲೆ ಸುತ್ತುತ್ತೆ ಬಿಡಿ, ಬ್ಯಾಗ್ ಹತ್ರ ಇರ್ತಾಳೆ" ಎನ್ನುವುದೇ ಆಯಿತು. ಮೊದಮೊದಲು ಅವಳು, ನನಗೆ ಏನೂ ಆಗಲ್ಲ, ನಾನೂ ಬರ್ತೀನಿ ಎಂದು ಹೇಳಿ ನೋಡಿದಳು. ಯಾರೂ ಸೊಪ್ಪು ಹಾಕಲಿಲ್ಲ. ಭಾವನ ಹೆಂಡತಿ, ಅಂದರೆ ಅವಳ ಓರಗಿತ್ತಿ, "ಸುಮ್ನೆ ಯಾಕೆ ರಿಸ್ಕು? ಆಮೇಲೆ ವಾಂತಿ ಗೀಂತಿ ಆದ್ರೆ ಎಲ್ಲರ ಮೂಡೂ ಹಾಳು" ಎಂದು ಅಕ್ಕರೆ ತೋರಿಸಿ ಕೂರಿಸಿಬಿಡುತ್ತಿದ್ದರು. ದಾರದಕ್ಕನಿಗೆ ಮೈ ಉರಿಯುತ್ತಿತ್ತು. ನುಂಗಿಕೊಂಡು ಕೂರುತ್ತಿದ್ದಳು. ಒಂದೆರಡು ಸಲವಲ್ಲ, ಹತ್ತು ಹನ್ನೆರಡು ರಜೆ ಹೀಗೆಯೇ ಕಳೆದವು.

ಈ ವರ್ಷ ಹೊರಡುವ ಮುಂಚೆ ಗಂಡನನ್ನು ಅಡುಗೆಮನೆಯ ಬಾಗಿಲಲ್ಲೇ ಅಡ್ಡಗಟ್ಟಿ ಹೇಳಿದ್ದಳು. "ಏನ್ರೀ, ಕೊನೇ ದಿನ ಹೋಗ್ತೀವಲ್ಲ, ಆ ಪಾರ್ಕಲ್ಲಿ ದೊಡ್ಡ ರೋಲರ್ ಕೋಸ್ಟರ್ ಇದ್ಯಂತೆ. ಅದನ್ನ ನಾನು ಹತ್ತಬೇಕು. ಬೇರೆ ಏನೂ ಬೇಡ, ಅದೊಂದು." ಟೈರ್ ಅಂಗಡಿಯ ಗುಮಾಸ್ತನಾದ ಗಂಡ ಮೊಬೈಲಿನಿಂದ ಕಣ್ಣು ಎತ್ತದೆ "ಆಯ್ತು ಮಾರಾಯ್ತಿ, ಆಯ್ತು" ಎಂದಿದ್ದ. ಅವಳು ಅದನ್ನು ಕೊಟ್ಟ ಮಾತು ಎಂದುಕೊಂಡಳು. ಆ ಒಂದು ಮಾತಿಗಾಗಿಯೇ ಮೊದಲೆರಡು ದಿನ ಎರಡು ಬೆಂಚಿನ ಮೇಲೆ ತುಟಿ ಪಿಟಕ್ಕೆನ್ನದೆ ಕೂತಿದ್ದಳು.

ಮೂರನೆಯ ದಿನವೂ ಬೆಂಚೇ, ಸುತ್ತ ಮನೆಯವರ ಏಳು ಬ್ಯಾಗು. "ನಾವು ಒಂದ್ ರೌಂಡ್ ನೋಡ್ಕೊಂಡು ಬರ್ತೀವಿ, ಆಮೇಲೆ ನಿನ್ನ ಕರ್ಕೊಂಡ್ ಹೋಗ್ತೀನಿ" ಎಂದು ಹೋದ ಗಂಡನ ಪತ್ತೆ ಮಧ್ಯಾಹ್ನ ಕಳೆದರೂ ಇಲ್ಲ. ನಡುನಡುವೆ ಒಬ್ಬೊಬ್ಬರಾಗಿ ಬಂದರು. ಮಗ ಬಂದು ಬೆವರಿ ಒದ್ದೆಯಾದ ಅಂಗಿ ಬಿಚ್ಚಿ ಅವಳ ತೊಡೆಯ ಮೇಲೆ ಹಾಕಿ, ಒಣಗಿದ್ದು ತೊಟ್ಟುಕೊಂಡು ಓಡಿದ. ಮಗಳು ನೀರು ಕುಡಿದು ಬಾಟಲಿಯ ಮುಚ್ಚಳ ಹಾಕದೆ ಹೋದಳು. ಓರಗಿತ್ತಿ ಬಂದು ಚಪ್ಪಲಿ ಬದಲಾಯಿಸಿ, "ಅಬ್ಬಾ, ನೀನು ಬರ್ದಿದ್ದೇ ಒಳ್ಳೇದಾಯ್ತು ನೋಡು, ಅಷ್ಟು ಜೋರು" ಎಂದರು. ಭಾವ ಕ್ಯಾಮೆರಾ ಇಟ್ಟು ಹೋದರು. ಒಬ್ಬರೂ ಎರಡು ನಿಮಿಷ ಪಕ್ಕದಲ್ಲಿ ಕೂರಲಿಲ್ಲ. ಗಂಟೆ ನಾಲ್ಕಾಯಿತು. ಆರಕ್ಕೆ ಪಾರ್ಕು ಮುಚ್ಚುತ್ತದೆ ಎಂದು ಎದುರಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಅವಳು ಬೆಳಿಗ್ಗೆಯಿಂದ ಎಷ್ಟು ಸಲ ಓದಿದ್ದಳೋ.

ಕೂತು ಕೂತು ಬೇಸತ್ತು ಅವಳು ಅಕ್ಕಪಕ್ಕದವರನ್ನು ನೋಡತೊಡಗಿದಳು. ಬಲಗಡೆಯ ಬೆಂಚಿನಲ್ಲಿ ಒಬ್ಬ ಅಜ್ಜ ತೂಕಡಿಸುತ್ತಿದ್ದರು. ಅವರ ಮಣಿಕಟ್ಟಿನಲ್ಲಿ ಪಾರ್ಕಿನವರು ಬಾಗಿಲಲ್ಲಿ ಸುತ್ತಿದ ಕಾಗದದ ಪಟ್ಟಿ, ಬೂದು ಬಣ್ಣದ್ದು. ಅದರಾಚೆ ಎಳೆಗೂಸಿನ ತಾಯಿ, ಬೂದು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಗಂಡಸು, ಬೂದು. ರೋಲರ್ ಕೋಸ್ಟರಿನ ಸಾಲಿನತ್ತ ತಲೆ ಎತ್ತಿದಳು. ಅಲ್ಲಿ ಕೂದಲು ಸರಿಮಾಡಿಕೊಳ್ಳುವ ಕೈ, ಐಸ್‌ಕ್ರೀಮ್ ಹಿಡಿದ ಕೈ, ಎಲ್ಲದರ ಮೇಲೂ ಕಿತ್ತಳೆ ಬಣ್ಣದ ಪಟ್ಟಿ. ಆಮೇಲೆ ತನ್ನ ಕೈ ನೋಡಿಕೊಂಡಳು.

ಬೂದು.

ಬಣ್ಣ ಓದುವುದೇ ಕಸುಬಾದವಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಮೊದಲ ದಿನ ಎಲ್ಲರದೂ ನೀಲಿ, ತನ್ನದು ಬಿಳಿ. ನಿನ್ನೆ ಎಲ್ಲರದೂ ಕೆಂಪು, ತನ್ನದು ಮತ್ತೆ ಬಿಳಿ. ಕಣ್ಣಿಗೆ ಬಿದ್ದಿತ್ತು, ಆದರೆ ರಜೆಯೆಂದು ಕಣ್ಣಿಗೂ ರಜೆ ಕೊಟ್ಟಿದ್ದಳು ಪೆದ್ದಿ. ಆದರೂ ಒಂದು ಮಾತು ಕೇಳಿಯೇ ಬಿಡೋಣವೆಂದು ಏಳು ಬ್ಯಾಗುಗಳನ್ನೂ ಹೆಗಲಿಗೆ, ಮೊಣಕೈಗೆ, ಕತ್ತಿಗೆ ನೇತುಹಾಕಿಕೊಂಡು ರೋಲರ್ ಕೋಸ್ಟರಿನ ಗೇಟಿಗೆ ಹೋದಳು.

ಗೇಟಿನಲ್ಲಿದ್ದ ಹೆಂಗಸು ಕೈ ಅಡ್ಡ ಹಿಡಿದಳು. "ಮೇಡಂ, ಇದು ನೋಡೋರ ಪಟ್ಟಿ. ಆಡೋರದ್ದು ಕಿತ್ತಳೆ."

"ನಾನು ನೋಡೋಳು ಅಂತ ಯಾರ್ ಹೇಳಿದ್ದು ನಿಮಗೆ?"

"ಟಿಕೆಟ್ ಬುಕ್ ಮಾಡಿದವರು ಹೇಳಿದ ಹಾಗೆ ಹಾಕ್ತೀವಿ ಮೇಡಂ. ಐದು ಆಡೋರು, ಒಂದು ನೋಡೋರು, ಹಾಗೆ ಬುಕ್ ಮಾಡಿರ್ತಾರೆ. ಬೇಕಿದ್ರೆ ಕೌಂಟರಲ್ಲಿ ಬದಲಾಯಿಸಿ ಕೊಡ್ತಾರೆ."

ಬುಕ್ ಮಾಡಿದವನು ಗಂಡ. ಅಡುಗೆಮನೆಯ ಬಾಗಿಲಲ್ಲಿ ಆಯ್ತು ಆಯ್ತು ಎಂದವನೂ ಅವನೇ. ಬೆಳಿಗ್ಗೆ ಗೇಟಿನಲ್ಲಿ ಅವಳ ಕೈಗೆ ಈ ಪಟ್ಟಿ ಸುತ್ತುವಾಗ ಪಕ್ಕದಲ್ಲೇ ನಿಂತು ನೋಡಿದವನೂ ಅವನೇ. ಮರೆತಿದ್ದರೆ ಹೋಗಲಿ ಎನ್ನಬಹುದಿತ್ತು. ಬೇಡ ಎಂದು ಮುಖಕ್ಕೆ ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಆಯ್ತು ಎಂದು ಹೇಳಿ ಇಡೀ ದಿನ ಕಾಯಿಸಿದನಲ್ಲ, ಅದನ್ನು ಅವಳಿಂದ ತಡೆಯಲಾಗಲಿಲ್ಲ. ಪಿತ್ತ ನೆತ್ತಿಗೇರಿತು. ಸಿಟ್ಟು ಬಂದರೆ ಅಳುವ ಜಾತಿಯವಳಲ್ಲ ಅವಳು. ಸಿಟ್ಟು ಬಂದರೆ ಅವಳಿಗೆ ಕೆಲಸ ಸರಸರ ಸಾಗುತ್ತದೆ.

ಕಳೆದುಹೋದ ಸಾಮಾನಿನ ಕಚೇರಿ ಎಂಬ ಬಾಣದ ಗುರುತು ಹಿಡಿದು ನಡೆದಳು. ಕಿಟಕಿಯ ಹಿಂದೆ ದಪ್ಪ ಕನ್ನಡಕದ ಗುಮಾಸ್ತರೊಬ್ಬರು ಕೂತಿದ್ದರು. ಏಳು ಬ್ಯಾಗನ್ನೂ ಒಂದೊಂದಾಗಿ ಕಟ್ಟೆಯ ಮೇಲೆ ಇಟ್ಟಳು.

"ಇಷ್ಟೂ ಎಲ್ಲಿ ಸಿಕ್ತಮ್ಮ?"

"ಬೆಂಚಿನ ಮೇಲೆ."

"ಯಾರದು ಅಂತ ಗೊತ್ತಾ?"

"ಹುಡ್ಕೊಂಡು ಬರ್ತಾರೆ ಬಿಡಿ. ಬಂದೇ ಬರ್ತಾರೆ" ಎಂದು ಕೈ ಕೊಡವಿಕೊಂಡು ಹೊರಬಂದಳು. ಹೆಗಲು ಎಷ್ಟು ಹಗುರವಾಯಿತೆಂದರೆ ನಾಲ್ಕು ಹೆಜ್ಜೆ ಅವಳಿಗೆ ನಡಿಗೆಯೇ ತಪ್ಪಿದಂತಾಯಿತು. ಟಿಕೆಟ್ ಕೌಂಟರಿನಲ್ಲಿ ತನ್ನ ಪರ್ಸಿನಿಂದ ಹಣ ಕೊಟ್ಟಳು. ಅಲ್ಲಿದ್ದವರು ಬೂದು ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಎಸೆದು ಕಿತ್ತಳೆಯದನ್ನು ಸುತ್ತಿದರು.

ಸಾಲು ಉದ್ದವಿತ್ತು. ಅರ್ಧ ದಾರಿಗೆ ಬಂದಿರುವಾಗ ಮೈಕಿನಲ್ಲಿ ಹೆಣ್ಣುದನಿಯೊಂದು ಕೇಳಿಸಿತು. "ದಯವಿಟ್ಟು ಗಮನಿಸಿ. ಮಹಿಳೆಯೊಬ್ಬರು ಕಾಣೆಯಾಗಿದ್ದಾರೆ. ವಯಸ್ಸು ನಲವತ್ತರಿಂದ ಐವತ್ತು. ನೀಲಿ ಅಥವಾ ಹಸಿರು ಬಣ್ಣದ ಬಟ್ಟೆ ತೊಟ್ಟಿದ್ದಾರೆ. ಅವರ ಬಳಿ ಏಳು ಬ್ಯಾಗುಗಳಿವೆ. ಒಂದು ಕಪ್ಪು ಚರ್ಮದ ಕ್ಯಾಮೆರಾ ಬ್ಯಾಗು, ಎಡಗಡೆಯ ಜಿಪ್ಪು ಹರಿದಿದೆ. ಒಂದು ಗುಲಾಬಿ ಬಣ್ಣದ್ದು, ಬೆಳ್ಳಿ ಬಕಲ್ಲಿನದು..." ಏಳೂ ಬ್ಯಾಗುಗಳ ಜಾತಕ ಮೈಕಿನಲ್ಲಿ ಬಂತು. ದಾರದಕ್ಕ ತೊಟ್ಟಿದ್ದು ಕಣ್ಣು ಕುಕ್ಕುವ ಹಳದಿ. ಈ ಪ್ರವಾಸಕ್ಕೆಂದೇ ಕೊಂಡು, ಬೆಳಿಗ್ಗೆ ಮೊದಲ ಸಲ ತೊಟ್ಟದ್ದು.

ಮುಂದೆ ನಿಂತಿದ್ದ ಹೆಂಗಸು ತಿರುಗಿ, "ಪಾಪ, ಯಾರೋ ಕಳೆದುಹೋಗಿದಾರೆ ನೋಡಿ" ಎಂದಳು.

"ಬ್ಯಾಗು ಕಳೆದುಹೋಗಿದೆ ಕಣ್ರೀ, ಅದಕ್ಕೇ ಇಷ್ಟು ಗಲಾಟೆ" ಎಂದಳು ದಾರದಕ್ಕ.

ಗಾಡಿ ಹತ್ತಿ ಕೂತಳು. ಕಂಬಿ ಬಂದು ತೊಡೆಯ ಮೇಲೆ ಕೂತಿತು. ಗಾಡಿ ಕಟಕಟ ಎನ್ನುತ್ತ ಮೇಲೇರಿತು, ತುದಿಯಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ಬಿತ್ತು. ಸುತ್ತ ಎಲ್ಲರೂ ಕಿರುಚಿದರು. ಅವಳೂ ಬಾಯಿ ತೆರೆದಳು. ಮೊದಲು ಬರೀ ಕೂಗು ಬಂತು. ಎರಡನೇ ತಿರುವಿಗೆ ಅದರಲ್ಲಿ ಮಾತು ಸೇರಿಕೊಂಡಿತು. ಗಂಡನನ್ನು ಬೈದಳು, ಓರಗಿತ್ತಿಯನ್ನು ಬೈದಳು, ತೊಡೆಯ ಮೇಲೆ ಹಾಕಿ ಹೋದ ಒದ್ದೆ ಅಂಗಿಯನ್ನು ಬೈದಳು. ತಲೆಕೆಳಗಾಗಿ ನೇತಾಡುವಾಗ, ಹನ್ನೆರಡು ರಜೆ ಬಾಯಿಗೆ ಬೀಗ ಹಾಕಿಕೊಂಡು ಕೂತ ತನ್ನನ್ನೇ ಎಲ್ಲರಿಗಿಂತ ಹೆಚ್ಚು ಬೈದುಕೊಂಡಳು. ಯಾರಿಗೂ ಏನೂ ಕೇಳಿಸುವ ಹಾಗಿರಲಿಲ್ಲ. ಕೆಳಗಿಳಿದಾಗ ಗಂಟಲು ಕಟ್ಟಿತ್ತು. ತಲೆ ನೆಟ್ಟಗಿತ್ತು.

ಅವರೆಲ್ಲ ಎಲ್ಲಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಕಳೆದುಹೋದ ಸಾಮಾನಿನ ಕಿಟಕಿಗೆ ಐದೂ ಜನ ಮುತ್ತಿಕೊಂಡಿದ್ದರು. ಗುಮಾಸ್ತರು ಜಗ್ಗುತ್ತಿರಲಿಲ್ಲ. "ನಿಯಮ ಸಾರ್. ಒಳಗೇನಿದೆ ಅಂತ ಹೇಳಿ, ಬರೆಸಿ, ಸೈನ್ ಮಾಡಿ, ತಗೊಂಡ್ ಹೋಗಿ. ಮೊಬೈಲು, ಕ್ಯಾಮೆರಾ ಅಂತ ಯಾರ್ ಬೇಕಾದ್ರೂ ಹೇಳ್ತಾರೆ. ಬೇರೆ ಏನಿದೆ ಹೇಳಿ."

"ಬಟ್ಟೆ ಇದೆ" ಎಂದ ಗಂಡ.

"ಎಂಥ ಬಟ್ಟೆ? ಯಾವ ಬ್ಯಾಗಲ್ಲಿ?"

"ಅದೆಲ್ಲ ಅಮ್ಮ ಇಟ್ಟಿರೋದು" ಎಂದ ಮಗ.

ಅಷ್ಟರಲ್ಲಿ ಓರಗಿತ್ತಿಯ ಕಣ್ಣಿಗೆ ಅವಳು ಬಿದ್ದಳು. "ಬಂದ್ಲು ನೋಡಿ!" ಗಂಡ ಗರ್ರನೆ ತಿರುಗಿದ. ಮುಖ ಕೆಂಪಗಾಗಿತ್ತು. "ಎಲ್ಲಿ ಹಾಳಾಗಿ ಹೋಗಿದ್ದೆ? ಒಂದ್ ಗಂಟೆಯಿಂದ ಹುಡುಕ್ತಿದೀವಿ. ಬ್ಯಾಗ್ ಎಲ್ಲ ಇಲ್ಲಿ ತಂದ್ ಕೊಟ್ಟಿದೀಯಂತೆ, ತಲೆ ಗಿಲೆ ಕೆಟ್ಟಿದ್ಯಾ?"

ಅವಳು ಬಲಗೈ ಎತ್ತಿ ಕಿತ್ತಳೆ ಪಟ್ಟಿ ತೋರಿಸಿದಳು. ಗಂಡನ ದನಿ ಇಳಿಯಿತು.

"ಅದು... ನಿನಗೆ ತಲೆ ಸುತ್ತುತ್ತಲ್ಲ, ಸುಮ್ನೆ ಯಾಕೆ ದಂಡ ಅಂತ..."

"ತಲೆ ಸುತ್ತುತ್ತೆ ಅಂತ ನಾನು ಯಾವತ್ತು ಹೇಳಿದ್ದು? ಯಾಕೆ ಹೇಳಿದ್ದು? ನಿಮಗೊಬ್ಬರಿಗೇ ಗೊತ್ತಿದ್ದಿದ್ದು. ನೆನಪಿದ್ಯಾ?"

ಗಂಡನ ಕಣ್ಣು ತಾನಾಗಿಯೇ ಮಗಳ ಕಡೆ ಹೋಗಿ, ಅಲ್ಲಿಂದ ನೆಲಕ್ಕೆ ಇಳಿಯಿತು.

"ಅಂದ್ರೆ ನೆನಪಿದೆ" ಎಂದಳು ದಾರದಕ್ಕ. "ಮರೆತುಹೋಗಿತ್ತು ಅಂದಿದ್ರೆ ಹೇಗೋ ಸಹಿಸ್ಕೋತಿದ್ದೆ ಕಣ್ರೀ. ಎಲ್ಲಾ ನೆನಪಿಟ್ಕೊಂಡೇ ಇಪ್ಪತ್ತು ವರ್ಷ ಕೂರಿಸಿದೀರಲ್ಲ!"

ಭಾವ ಕೆಮ್ಮಿದರು. ಓರಗಿತ್ತಿ, "ಎಲ್ಲರ ಮುಂದೆ ಯಾಕೆ ಇದೆಲ್ಲ? ಮೊದಲು ಬ್ಯಾಗ್ ಬಿಡಿಸ್ಕೋ, ಆಮೇಲೆ ಮಾತಾಡೋಣ" ಎಂದರು.

ಗುಮಾಸ್ತರು ಕನ್ನಡಕ ಮೇಲೇರಿಸಿ ಅವಳನ್ನು ಗುರುತು ಹಿಡಿದರು. "ನೀವೇ ಅಲ್ವೇನಮ್ಮ ತಂದು ಕೊಟ್ಟಿದ್ದು? ಇವು ನಿಮ್ಮವಾ?"

ದಾರದಕ್ಕ ಸಾಲಾಗಿ ನೋಡಿದಳು. ಗಂಡನ ಮಂಡಿ ನೋವಿನ ಮುಲಾಮು ಎಲ್ಲಿದೆ, ಭಾವನ ಇನ್ನೊಂದು ಕನ್ನಡಕ ಯಾವ ಟವೆಲಿನ ಮಡಿಕೆಯಲ್ಲಿದೆ, ಓರಗಿತ್ತಿಯ ಬದಲಿ ಚಪ್ಪಲಿ, ಮಗನ ಅಲರ್ಜಿ ಮಾತ್ರೆ, ಮಗಳ ಚಾರ್ಜರು, ಎಲ್ಲವೂ ಗೊತ್ತು. ಎಲ್ಲವನ್ನೂ ಮಡಿಚಿ ತುಂಬಿದ್ದು ಇದೇ ಕೈ. ತನ್ನದೇನಾದರೂ ಇದೆಯೇ ಎಂದು ಒಂದೊಂದೇ ಬ್ಯಾಗನ್ನು ಮನಸ್ಸಿನಲ್ಲೇ ತೆರೆದು ನೋಡಿದಳು. ಒಂದು ಬಾಚಣಿಗೆಯಾದರೂ ಇರಬಹುದು ಎಂದುಕೊಂಡಳು. ಇರಲಿಲ್ಲ.

"ಅಲ್ಲ ಸಾರ್" ಎಂದಳು. "ಏಳರಲ್ಲಿ ಒಂದೂ ನನ್ನದಲ್ಲ. ಒಳಗಿರೋದೂ ನನ್ನದಲ್ಲ. ಇವರದಂತೆ, ಇವರನ್ನೇ ಕೇಳಿ."

ಗೋಡೆಯ ಗಡಿಯಾರದಲ್ಲಿ ಐದೂ ಕಾಲು. ಇನ್ನೊಂದು ಸುತ್ತಿಗೆ ಹೊತ್ತಿತ್ತು. ಅವಳು ತಿರುಗಿ ಹೊರಟಳು. ಹಿಂದಿನಿಂದ ಮಗಳು ಓಡಿ ಬಂದು, "ಅಮ್ಮಾ, ನಾನೂ ಬರ್ತೀನಿ, ಇರು" ಎಂದು ಕೈ ಹಿಡಿದಳು.

ದಾರದಕ್ಕ ಆ ಕೈಯನ್ನು ಕೊಡವಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ಮೊದಲು ಹೋಗಿ ನಿನ್ನ ಬ್ಯಾಗಲ್ಲಿ ಏನಿದೆ ಅಂತ ಬರೆಸು. ಆಮೇಲೆ ಬಾ."

ಮಗಳು ಕಿಟಕಿಗೆ ಹಿಂದಿರುಗಿದಳು. ಗುಮಾಸ್ತರು ಹಾಳೆ ಮುಂದಕ್ಕೆ ತಳ್ಳಿ, ಪೆನ್ನು ತೆರೆದು, ಕಾಯುತ್ತ ಕೂತರು.