ಪುಕ್ಕಟೆ ಫಾಂಟೂ ಕಾಕಿಯ ಹಾಡುಗಳೂ

ಹೋದ ವಾರ ನಮ್ಮ ಮನೆಯ ಕಂಪ್ಯೂಟರು ಬಾಯಿ ಮಾಡಿ ಕೂಗಿತು. ಸುಳ್ಳಲ್ಲ. ಪರದೆ ತುಂಬ ಕೆಂಪು, ಆಂಬುಲೆನ್ಸಿನಂಥ ಸದ್ದು, ನಡುವೆ ಒಂದು ಫೋನ್ ನಂಬರು: ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ. ಬಂದ್ ಮಾಡಬೇಡಿ. ಕೂಡಲೇ ಕರೆ ಮಾಡಿ.’

ಅದರೊಳಗೆ ಕಾಕಿಯ ಹಾಡುಗಳಿದ್ದವು.

ಕಾಕಿ ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಎಂಬತ್ತು ದಾಟಿದ್ದಾಳೆ. ಅಕ್ಷರ ಬಾರದು. ಆದರೆ ಬೀಸುವ ಕಲ್ಲಿನ ಮುಂದೆ ಕೂತು ಅತ್ತೆಯಿಂದ ಕಲಿತ ಹಾಡುಗಳು ನೂರಾರು, ಕನ್ನಡದವೂ ಮರಾಠಿಯವೂ. (ಮಹಾರಾಷ್ಟ್ರದ ಗಡಿಗೆ ಹತ್ತಿದ ನಮ್ಮ ಏಕಸಂಬಿಯ ಕಡೆ ಎರಡೂ ಭಾಷೆ ಒಂದೇ ಒಲೆಯ ಮುಂದೆ ಕೂರುತ್ತವೆ.) ಎರಡು ವರ್ಷದಿಂದ ಅವಳು ಹೇಳುತ್ತಾಳೆ, ನಾನು ಟೈಪು ಮಾಡುತ್ತೇನೆ. ಅವಸರಕ್ಕೆ ಕಾರಣವಿದೆ. ಈಚೆಗೆ ಕಾಕಿ ಮರೆಯತೊಡಗಿದ್ದಾಳೆ. ಕೆಲವು ಹಾಡು ಈಗ ಕಂಪ್ಯೂಟರಿನಲ್ಲಿ ಮಾತ್ರ ಇವೆ. ಇನ್ನೊಂದು ಕಾಪಿ? ಇಟ್ಟಿರಲಿಲ್ಲ. ನೀವು ಇಟ್ಟಿದ್ದೀರಾ?

ತಪ್ಪು ನನ್ನದೇ. ಈ ಕಡೆ ಲಗ್ನಪತ್ರಿಕೆಯಿಂದ ಹಿಡಿದು ಏನೇ ಅಚ್ಚು ಹಾಕಿಸಿದರೂ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮರಾಠಿ. ಒಂದು ಬಿಟ್ಟರೆ ಅರ್ಧ ಬಳಗ ಮುನಿಸಿಕೊಳ್ಳುತ್ತದೆ. ಹಾಡಿನ ಪುಸ್ತಕಕ್ಕೂ ಹಾಗೇ ಇರಲೆಂದು ಚೆಂದದ ಮರಾಠಿ ಫಾಂಟ್ ಹುಡುಕಿದೆ. ಪುಕ್ಕಟೆ ಸಿಕ್ಕಿತು! ಆ ಪುಟದಲ್ಲಿ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿಗಳು ಮೂರಿದ್ದವು. ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದೆ. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ನೆಕ್ಸ್ಟ್.

ಫಾಂಟ್ ಬರಲಿಲ್ಲ. ಬ್ರೌಸರ್ ತೆರೆದರೆ ಹೋಮ್‌ಪೇಜೇ ಬೇರೆ. ಏನು ಹುಡುಕಿದರೂ ಗುರುತಿಲ್ಲದ ಯಾವುದೋ ಸೈಟಿಗೆ ಎಳೆದೊಯ್ಯುತ್ತಿತ್ತು. ಅದರ ಬೆನ್ನಿಗೇ ಈ ಕೂಗು.

ಗಾಬರಿಯಿಂದ ಫೋನ್ ಎತ್ತಿಕೊಂಡೆ. ಪಕ್ಕದಲ್ಲೇ ಕೂತಿದ್ದ ಕಾಕಿ ಕೇಳಿದಳು: “ಯಾರಿಗಿ ಹಚ್ಚಾಕತ್ತೀ ತಮ್ಮಾ?”

“ಇದನ್ನ ರಿಪೇರಿ ಮಾಡಾವ್ರಿಗಿ. ನಂಬರ್ ಅಲ್ಲೇ ಕೊಟ್ಟಾರ.”

“ಇದಕ್ಕ ಜಡ್ಡ ಬಂದದ್ದು ನಮಗ ಈಗ ಗೊತ್ತಾಗೇತಿ. ಅಂವಗ ಮೊದಲ ಹ್ಯಾಂಗ ಗೊತ್ತಾತು?”

ಅರ್ಧ ನಂಬರು ಒತ್ತಿದ್ದ ಬೆರಳು ಅಲ್ಲೇ ನಿಂತಿತು. ಡಿಗ್ರಿ ಓದಿದವನು ನಾನು. ಈ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ?

ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಸುನಂದಕ್ಕನಿಗೆ ಫೋನ್ ಮಾಡಿದೆ. “ಆ ನಂಬರಿಗೆ ಹಚ್ಚಿಲ್ಲಲ್ಲ? ಹಚ್ಚಿದ್ರ ನಿಮ್ಮ ಕೈಲೇ ಬಾಗಲಾ ತಗಸಿ ಒಳಗ ಬರತಿದ್ರು. ಮೊದಲ ಇಂಟರ್ನೆಟ್ ವಾಯರ್ ಕೀಳ್ರಿ. ಮತ್ತೇನೂ ಮುಟ್ಟಬ್ಯಾಡ್ರಿ, ನಾ ಬರತೇನಿ” ಅಂದರು.

ಬಂದವರೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. “ಫಾಂಟ್ ಅಂದ್ರ ಸಣ್ಣ ಫೈಲ್ ರೀ ಸರ್. ಅದಕ್ಕ ಇಷ್ಟ ದೊಡ್ಡ ಸೆಟಪ್ ಯಾಕ ಬೇಕು? ಒಂದ ಚಮಚಾ ಸಕ್ರಿ ಕೊಡಾಕ ಯಾರರೆ ಲಾರಿ ತರತಾರೇನು?” ಎಂದು ಬೈಯುತ್ತಲೇ ಪ್ರೋಗ್ರಾಮುಗಳ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿದರು. ಆ ದಿನ ಒಳಹೊಕ್ಕವು ನಾಲ್ಕು. ನಾನು ಕರೆದದ್ದು ಒಂದು! ನಾಲ್ಕನ್ನೂ ಕಿತ್ತರು. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳಲ್ಲಿ ಅಡಗಿ ಕೂತಿದ್ದ ಎರಡನ್ನು ಹೊರಗೆಳೆದರು. ಸೆಟ್ಟಿಂಗ್ಸ್ ರಿಸೆಟ್ ಮಾಡಿ ಇಡೀ ಮಷೀನನ್ನು ಸ್ಕ್ಯಾನಿಗೆ ಹಚ್ಚಿದರು. “ಹಿಂಗ ಸೋಸಿ ಸೋಸಿ ತಗೀಬೇಕ್ರಿ. ಆಮ್ಯಾಲೆ ಪಾಸ್‌ವರ್ಡ್ ಎಲ್ಲಾ ಬದಲ ಮಾಡ್ರಿ, ಅಪ್‌ಡೇಟ್ ಬಂದ್ರ ನಾಳೆ ನಾಳೆ ಅನ್ನಬ್ಯಾಡ್ರಿ.”

ಸೋಸುವ ಮಾತು ಕಿವಿಗೆ ಬಿದ್ದದ್ದೇ ಕಾಕಿ ಹತ್ತಿರ ಸರಿದಳು. ನಮ್ಮದು ಜೈನರ ಮನೆ. ಹಿತ್ತಲ ಬಾವಿಯ ನೀರನ್ನು ಕಾಕಿ ಅರಿವೆಯಲ್ಲಿ ಸೋಸದೆ ಬಾಯಿಗೆ ಹಾಕುವುದಿಲ್ಲ. ಸೋಸಿದ ಮೇಲೆ ಅರಿವೆಯನ್ನು ಝಾಡಿಸಿ ಒಗೆಯುವುದೂ ಇಲ್ಲ. ಅದರಲ್ಲಿ ಸಿಕ್ಕ, ಕಣ್ಣಿಗೂ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು ಅದೇ ಬಾವಿಗೆ ಬಿಟ್ಟು ಬರುತ್ತಾಳೆ.

“ಇವನ್ನ ಎಲ್ಲಿ ಬಿಡ್ತೀಯವ್ವಾ?” ಎಂದಳು.

ಸುನಂದಕ್ಕ ನಕ್ಕರು. “ಇವಕ್ಕ ಜೀವಾ ಇಲ್ರಿ ಕಾಕಿ. ಡಿಲೀಟ್ ಮಾಡೂದು ಅಷ್ಟ.”

“ಜೀವಾ ಇಲ್ಲದ್ದು ಇಷ್ಟ ಓಡ್ಯಾಡತೈತಿ ಅಂದ್ರ, ಓಡಸಾವ ಒಬ್ಬಾಂವ ಇರಬೇಕಲ್ಲ? ಪಾಪ, ಅಂವಗ ಬ್ಯಾರೆ ಕೆಲಸಾನ ಸಿಗಲಿಲ್ಲೇನ?”

ತನ್ನ ಹಾಡಿಗೇ ಕೈ ಹಾಕಲು ಬಂದವನ ಮೇಲೆ ಮರುಕ! ಇಷ್ಟು ದೊಡ್ಡ ಎದೆಗೆ ಯಾವ ಆ್ಯಂಟಿವೈರಸ್ ಸಮ?

ಸ್ಕ್ಯಾನ್ ಮುಗಿಯಿತು. ಸುನಂದಕ್ಕ ಹಾಡಿನ ಫೈಲು ತೆರೆದರು. ಎಲ್ಲವೂ ಇದ್ದವು, ಇದ್ದ ಹಾಗೇ! ಪೆನ್‌ಡ್ರೈವಿಗೆ ಒಂದು ಕಾಪಿ ಇಳಿಸಿ, “ಇನ್ನೊಂದು ಬ್ಯಾರೆ ಕಡೆನೂ ಇಡ್ರಿ” ಎಂದು ಎಚ್ಚರಿಸಿ, ಸುಮ್ಮನೆ ಕುತೂಹಲಕ್ಕೆ ಒಂದು ತೊಟ್ಟಿಲ ಹಾಡನ್ನು ಗಟ್ಟಿಯಾಗಿ ಓದಿದರು.

ಕಾಕಿ ಕಣ್ಣು ಮುಚ್ಚಿ ಕೊನೆಯ ಸಾಲಿನವರೆಗೂ ಕೇಳಿದಳು.

“ಭಾಳ ಚಂದ ಐತಿ. ಯಾರ ಹಾಡವ್ವಾ ಇದು?”

ನಾನು ಅವಳತ್ತ ಬಾಗಿದೆ. “ನಿಂದ ಕಾಕಿ. ಹ್ವಾದ ವರ್ಷ ನೀನ ಹೇಳಿದ್ದಿ.”

“ಖರೇನ?” ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು. ತನಗೆ ಓದಲು ಬಾರದ ಆ ಸಾಲುಗಳಿಗೆ ಕೈ ಮುಗಿದಳು. “ಹಂಗಾರ ಇನ್ನೊಮ್ಮೆ ಓದವ್ವಾ.”

ಇಂಥದ್ದನ್ನು ನಾನು ಅಕ್ಷರ ಚೆಂದ ಕಾಣಲಿ ಎಂದು ಪಣಕ್ಕಿಟ್ಟಿದ್ದೆನಲ್ಲ!